ಈ ರಾತ್ರಿ ಎಷ್ಟು ಪಟ್ಟು ತಡೆಯುತ್ತದೆ?

ಕಾವೇರಿ ಸಂಕ್ರಮಣ ಮುಗಿದು, ಮಳೆ ಹಿಂದೆಗೆದು, ಬಿಸಿಲು ಅಂಗಳದಲ್ಲಿ ಎರಡು ದಿನ ಎಡೆಬಿಡದೆ ನಿಂತಿತೆಂದರೆ ನಾನು ಕಪಾಟಿನ ಮೇಲಿನಿಂದ ಒಂದು ಸ್ಟೀಲ್ ಡಬ್ಬಿಯನ್ನು ಇಳಿಸುತ್ತೇನೆ. ಅದರೊಳಗೆ ಹತ್ತಿಬಟ್ಟೆಯಲ್ಲಿ ಸುತ್ತಿದ, ದೂರದರ್ಶಕದಲ್ಲಿ ಕಣ್ಣಿಡುವ ತುದಿಗೆ ಹಾಕುವ ಎರಡು ಐಪೀಸ್‌ಗಳು, ಒಂದು ಹಿಡಿ ಸಿಲಿಕಾ ಜೆಲ್, ಹೆಬ್ಬೆರಳಿಗಿಂತ ತುಸು ಉದ್ದದ ಒಂದು ಕಪ್ಪು ಕೊಳವೆ ಇವೆ. ಕೊಳವೆಯ ಒಂದು ತುದಿಯಲ್ಲಿ ಮಸೂರವಿದೆ. ಅದೇ ಬಾರ್ಲೋ ಲೆನ್ಸ್, ದೂರದರ್ಶಕ ತೋರಿಸುವುದನ್ನು ಇನ್ನಷ್ಟು ಪಟ್ಟು ಹಿಗ್ಗಿಸುವ ಸಾಧನ.

2022ರ ಅಕ್ಟೋಬರಿನಲ್ಲಿ ಹೀಗೆ ಡಬ್ಬಿ ತೆರೆದಾಗ ಒಳಗೆ ಜೆಲ್ ಇರಲಿಲ್ಲ. ಅದರ ಅಗತ್ಯ ನನಗಾಗ ತಿಳಿದಿರಲಿಲ್ಲ. ಲೆನ್ಸನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಗಾಜಿನ ಅಂಚಿನಿಂದ ನಡುವಿನ ಕಡೆಗೆ ಒಂದು ಬಿಳಿಯ ಎಳೆ ಹೊರಟಿತ್ತು. ಅದರಿಂದ ಇನ್ನೊಂದು, ಇನ್ನೊಂದರಿಂದ ಮತ್ತೆರಡು, ಜರಿಗಿಡದ ಎಲೆಯ ಹಾಗೆ ಕವಲೊಡೆದಿದ್ದವು. ನಾಲ್ಕು ತಿಂಗಳ ಮಳೆಯಲ್ಲಿ, ಮುಚ್ಚಿದ ಡಬ್ಬಿಯ ಕತ್ತಲಲ್ಲಿ, ಬೂಷ್ಟು ಬೆಳೆದಿತ್ತು. ಕೊಡಗಿನ ನಾಪೋಕ್ಲು ಕಡೆಯ ಮಳೆಗಾಲವನ್ನು ಕಂಡವರಿಗೆ ಇದು ಹೊಸದಲ್ಲ. ಚರ್ಮದ ಬೆಲ್ಟು, ಪುಸ್ತಕದ ರಟ್ಟು, ಗೋಡೆಯ ಫೋಟೋ, ಬಾಗಿಲ ಹಿಂದೆ ತೂಗುಹಾಕಿದ ಕೋಟು, ಎಲ್ಲದಕ್ಕೂ ಅದು ಹತ್ತುತ್ತದೆ. ಆದರೆ ಗಾಜಿಗೆ ಹತ್ತಿದ ಬೂಷ್ಟನ್ನು ನಾಳೆ ಒರೆಸಿದರಾಯಿತು ಎಂದು ಬಿಡುವಂತಿಲ್ಲ. ಅದು ಸ್ರವಿಸುವ ಆಮ್ಲ ದಿನದಿನಕ್ಕೂ ಗಾಜಿನ ಲೇಪವನ್ನು ಕೊರೆಯುತ್ತ ಹೋಗುತ್ತದೆ.

ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿಯನ್ನು ಅದ್ದಿ, ಒತ್ತದೆ, ನಡುವಿನಿಂದ ಅಂಚಿನ ಕಡೆಗೆ ಎಳೆಯುತ್ತ, ಒಂದು ಸಲ ತಾಗಿಸಿದ ಹತ್ತಿಯನ್ನು ಮತ್ತೆ ತಾಗಿಸದೆ ಒಂದು ಮಧ್ಯಾಹ್ನವಿಡೀ ಕೂತೆ. ಬೂಷ್ಟು ಹೋಯಿತು. ಅಂಚಿನಲ್ಲಿ ಅದು ನಡೆದ ಹಾದಿ ಮಾತ್ರ ಮಸುಕಾಗಿ ಇಂದಿಗೂ ಇದೆ. ನೋಡುವಾಗ ಅದರಿಂದ ತೊಂದರೆಯಿಲ್ಲ. ಈಗ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಜೆಲ್‌ನ ಬಣ್ಣ ನೋಡುತ್ತೇನೆ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದಿದೆ ಎಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯೊಂದನ್ನು ಇದಕ್ಕೆಂದೇ ಇಟ್ಟಿದ್ದೇನೆ. ಅದರಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಹರಳು ಮತ್ತೆ ನೀಲಿಯಾಗುತ್ತದೆ.

ದೂರದರ್ಶಕಕ್ಕೆ ಹೋಲಿಸಿದರೆ ಬಾರ್ಲೋ ಸಣ್ಣ ವಸ್ತು, ಬೆಲೆಯೂ ಕಡಿಮೆ. ಆದರೂ ಆಕಾಶ ನೋಡುವುದೆಂದರೇನು ಎಂಬುದನ್ನು ನನಗೆ ಹೆಚ್ಚಾಗಿ ಕಲಿಸಿದ್ದು ಅದು. ನನ್ನ ದೂರದರ್ಶಕ 6 ಇಂಚಿನ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ ಕನ್ನಡಿ ದೂರದರ್ಶಕ. 150 ಮಿಲಿಮೀಟರ್ ಅಗಲದ ಕನ್ನಡಿ; ಸಂಗಮದೂರ, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಬಿಂದುವಿಗಿರುವ ದೂರ, 1200 ಮಿಲಿಮೀಟರ್. ದೂರದರ್ಶಕದ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಸಿಗುತ್ತದೆ. 25 ಮಿ.ಮೀ. ಐಪೀಸಿನಲ್ಲಿ 48 ಪಟ್ಟು, 10 ಮಿ.ಮೀ. ಐಪೀಸಿನಲ್ಲಿ 120 ಪಟ್ಟು. ಐಪೀಸಿನ ಮುಂದೆ ಎರಡು ಪಟ್ಟಿನ ಬಾರ್ಲೋ ತೂರಿಸಿದರೆ ಅವು 96 ಮತ್ತು 240 ಆಗುತ್ತವೆ. ಎರಡು ಐಪೀಸ್ ಕೊಂಡವನಿಗೆ ನಾಲ್ಕು ಸಿಕ್ಕಂತೆ. ಇಷ್ಟನ್ನು ಅಂಗಡಿಯವರೂ ಹೇಳುತ್ತಾರೆ. ಅವರು ಹೇಳದೆ ಬಿಡುವುದೇ ಮುಖ್ಯವಾದದ್ದು.

ಕಾಲೇಜಿನಲ್ಲಿದ್ದಾಗ, ಎರಡು ವರ್ಷ ಕೂಡಿಟ್ಟ ಹಣದಲ್ಲಿ, ಮೈಸೂರಿನ ಒಂದು ಅಂಗಡಿಯಿಂದ ನನ್ನ ಮೊದಲ ದೂರದರ್ಶಕವನ್ನು ತಂದೆ. ಪೆಟ್ಟಿಗೆಯ ಮೇಲೆ ಉಂಗುರ ತೊಟ್ಟ ಶನಿಯ ಚಿತ್ರ, ಅದರ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 525 ಎಂಬ ಸಂಖ್ಯೆ. 60 ಮಿ.ಮೀ. ಮಸೂರ, 700 ಮಿ.ಮೀ. ಸಂಗಮದೂರ. ಜೊತೆಗೆ 4 ಮಿ.ಮೀ. ಐಪೀಸ್, ಮೂರು ಪಟ್ಟಿನ ಒಂದು ಪ್ಲಾಸ್ಟಿಕ್ ಬಾರ್ಲೋ. 700 ಭಾಗಿಸು 4, ಗುಣಿಸು 3. ಲೆಕ್ಕ ಸರಿಯಾಗಿಯೇ ಇತ್ತು. ಆ ರಾತ್ರಿ ಎಲ್ಲವನ್ನೂ ಒಂದರ ಹಿಂದೊಂದು ಜೋಡಿಸಿ ಗುರುವಿನತ್ತ ತಿರುಗಿಸಿದೆ. ಮೊದಲು ಏನೂ ಕಾಣಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಬೂದಿ ಬಣ್ಣದ ಒಂದು ಮಸುಕು ಹಾದುಹೋಯಿತು. ಫೋಕಸ್ ತಿರುಗಿಸಲು ಬೆರಳು ತಾಗಿಸಿದರೆ ಇಡೀ ಆಕಾಶ ನಡುಗಿತು. ತಪ್ಪು ನನ್ನ ಕಣ್ಣಿನದಿರಬೇಕು, ಕೈಯದಿರಬೇಕು ಎಂದು ತಿಂಗಳುಗಟ್ಟಲೆ ಕೊರಗಿದೆ. ಕೊನೆಗೆ ಅದನ್ನು ಕಟ್ಟಿ ಅಟ್ಟಕ್ಕೆ ಏರಿಸಿದೆ. ಹನ್ನೆರಡು ವರ್ಷ ಮತ್ತೆ ಆಕಾಶ ನೋಡಲಿಲ್ಲ.

ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ದೂರದರ್ಶಕ ಎಷ್ಟು ಹಿಗ್ಗಿಸಬಲ್ಲದು ಎಂಬುದಕ್ಕೆ ಒಂದು ಮಿತಿಯಿದೆ. ಮುಂದಿನ ಮಸೂರ ಅಥವಾ ಕನ್ನಡಿಯ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು, ಅದೂ ಒಳ್ಳೆಯ ರಾತ್ರಿಯಲ್ಲಿ. 60 ಮಿ.ಮೀ. ದೂರದರ್ಶಕಕ್ಕೆ 120 ಪಟ್ಟು. ಅಲ್ಲಿಂದಾಚೆಗೆ ಹಿಗ್ಗುವುದು ಮಸುಕು ಮಾತ್ರ. ಹೊಸ ವಿವರ ಒಂದೂ ಬರುವುದಿಲ್ಲ. 525 ಪಟ್ಟಿನಲ್ಲಿ ಐಪೀಸಿನಿಂದ ಹೊರಬರುವ ಬೆಳಕಿನ ಕೋಲಿನ ದಪ್ಪ 60 ಭಾಗಿಸು 525, ಅಂದರೆ 0.11 ಮಿ.ಮೀ. ತಲೆಗೂದಲಿನಷ್ಟು ದಪ್ಪದ ಬೆಳಕು. ಅದರಲ್ಲಿ ಗುರುಗ್ರಹವನ್ನು ತೋರಿಸುತ್ತೇವೆಂದು ಹುಡುಗರಿಗೆ ಮಾರುವುದು ನನಗೆ ಸಣ್ಣ ತಪ್ಪಾಗಿ ಕಾಣುವುದಿಲ್ಲ. ಇಂಥ ಪೆಟ್ಟಿಗೆಗಳು ಇಂದಿಗೂ ಮಾರಾಟವಾಗುತ್ತಿವೆ. ನನ್ನಂತೆ ಆಕಾಶದಿಂದ ಮುಖ ತಿರುಗಿಸಿದವರು ಎಷ್ಟು ಮಂದಿಯೋ.

ನಾನೀಗ ಇಲ್ಲಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸುತ್ತೇನೆ. ಹತ್ತನೇ ತರಗತಿಯಲ್ಲಿ ಬೆಳಕಿನ ಪಾಠ ಬಂದಾಗ ಬಾರ್ಲೋವನ್ನು ಮಕ್ಕಳ ಕೈಯಿಂದಲೇ ಮಾಡಿಸುತ್ತೇನೆ. ಬೇಕಾದದ್ದು ಪ್ರಯೋಗಾಲಯದ ಎರಡು ಮಸೂರಗಳು: 20 ಸೆಂಟಿಮೀಟರ್ ಸಂಗಮದೂರದ ಒಂದು ಪೀನ (ನಡು ಉಬ್ಬಿದ) ಮಸೂರ, ಅಷ್ಟೇ ಸಂಗಮದೂರದ ಒಂದು ನಿಮ್ನ (ನಡು ತಗ್ಗಿದ) ಮಸೂರ. ನಮ್ಮ ತರಗತಿಯ ಕಿಟಕಿಯಾಚೆ, ಸಾಕಷ್ಟು ದೂರದಲ್ಲಿ, ಕರಿಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳ ಸಾಲಿದೆ. ಪೀನ ಮಸೂರವನ್ನು ಕಿಟಕಿಗೆ ಎದುರಾಗಿ ಹಿಡಿದು ಹಿಂದೆ 20 ಸೆಂ.ಮೀ. ದೂರದಲ್ಲಿ ಬಿಳಿ ಹಾಳೆ ಹಿಡಿದರೆ, ಮರಗಳು ತಲೆಕೆಳಗಾಗಿ, ಬಣ್ಣದೊಂದಿಗೆ, ಎಲೆ ಅಲುಗುವುದೂ ಕಾಣುವಂತೆ ಹಾಳೆಯ ಮೇಲೆ ಮೂಡುತ್ತವೆ. ಎಷ್ಟು ವರ್ಷದಿಂದ ತೋರಿಸುತ್ತಿದ್ದರೂ ಆ ಗಳಿಗೆ ತರಗತಿ ಮೌನವಾಗುವುದು ತಪ್ಪಿಲ್ಲ.

ಆಮೇಲೆ ಪೀನ ಮಸೂರದ ಹಿಂದೆ 10 ಸೆಂ.ಮೀ. ಬಿಟ್ಟು ನಿಮ್ನ ಮಸೂರವನ್ನು ಹಿಡಿಯಲು ಹೇಳುತ್ತೇನೆ. ಚಿತ್ರ ಕಲಸಿಹೋಗುತ್ತದೆ. ಹಾಳೆಯನ್ನು ನಿಧಾನವಾಗಿ ಹಿಂದಕ್ಕೆ ಸರಿಸುತ್ತ ಹೋದರೆ, 10 ಸೆಂ.ಮೀ. ಸರಿದಾಗ ಮರಗಳು ಮತ್ತೆ ಸ್ಪಷ್ಟವಾಗುತ್ತವೆ, ಮೊದಲಿನ ಎರಡರಷ್ಟು ಎತ್ತರವಾಗಿ. ಒಂದು ಬಿಂದುವಿಗೆ ಓಡಿಬರುತ್ತಿದ್ದ ಕಿರಣಗಳನ್ನು ನಿಮ್ನ ಮಸೂರ ತುಸು ಅಗಲಿಸುತ್ತದೆ. ಅವು ಸೇರಲು ಇನ್ನಷ್ಟು ದೂರ ಹೋಗಬೇಕಾಗುತ್ತದೆ. ಸೇರುವ ಹೊತ್ತಿಗೆ ಚಿತ್ರ ದೊಡ್ಡದಾಗಿರುತ್ತದೆ. ಬಾರ್ಲೋ ಮಾಡುವುದು ಇದನ್ನೇ. 1200 ಮಿ.ಮೀ. ದೂರದರ್ಶಕವನ್ನು ಅದು 2400 ಮಿ.ಮೀ. ದೂರದರ್ಶಕದಂತೆ ವರ್ತಿಸುವ ಹಾಗೆ ಮಾಡುತ್ತದೆ. ಕೊಳವೆ ಮಾತ್ರ ಉದ್ದವಾಗುವುದಿಲ್ಲ.

ಎರಡು ವರ್ಷದ ಹಿಂದೆ ಈ ಪ್ರಯೋಗ ನಡೆದಾಗ, ಎಲ್ಲರೂ ದೊಡ್ಡದಾಯಿತು ಎಂದು ಸಂಭ್ರಮಿಸುತ್ತಿರುವಾಗ, ಕೊನೆಯ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, ಚಿತ್ರ ಮಂಕಾಯಿತಲ್ಲ ಸಾರ್, ಎಂದಳು. ಆ ಪಾಠದಲ್ಲಿ ಅದಕ್ಕಿಂತ ಒಳ್ಳೆಯ ಮಾತನ್ನು ನಾನೂ ಆಡಿರಲಿಲ್ಲ. ಮಸೂರದೊಳಕ್ಕೆ ಬಂದ ಬೆಳಕು ಅಷ್ಟೇ. ಅಗಲ ಎರಡರಷ್ಟು, ಎತ್ತರ ಎರಡರಷ್ಟು ಆದಾಗ ಅದೇ ಬೆಳಕು ನಾಲ್ಕರಷ್ಟು ಜಾಗಕ್ಕೆ ಹಂಚಿಹೋಗಬೇಕು. ಸೇರು ಹಿಟ್ಟಿನಲ್ಲಿ ದೊಡ್ಡ ರೊಟ್ಟಿ ತಟ್ಟಿದರೆ ಅದು ತೆಳ್ಳಗಾಗುತ್ತದೆ. ಬಾರ್ಲೋ ಹಿಟ್ಟು ಕೊಡುವುದಿಲ್ಲ, ತಟ್ಟುವ ಕೈ ಮಾತ್ರ.

ನಿಮ್ನ ಮಸೂರದಿಂದ ಹಾಳೆಗಿರುವ ದೂರವನ್ನು ಅದರ ಸಂಗಮದೂರದಿಂದ ಭಾಗಿಸಿ ಒಂದನ್ನು ಕೂಡಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ನಮ್ಮ ಪ್ರಯೋಗದಲ್ಲಿ 20 ಭಾಗಿಸು 20, ಕೂಡಿಸು 1; ಎರಡು ಪಟ್ಟು. ಕೊಳವೆಯ ಮೇಲೆ 2 ಎಂದು ಅಚ್ಚಾಗಿದ್ದರೂ ಆ ಸಂಖ್ಯೆ ಕಲ್ಲಿನಲ್ಲಿ ಕೊರೆದದ್ದಲ್ಲ ಎಂಬುದು ಇದರಿಂದ ತಿಳಿಯುತ್ತದೆ. 100 ಮಿ.ಮೀ. ಸಂಗಮದೂರದ ಬಾರ್ಲೋದಲ್ಲಿ ಐಪೀಸನ್ನು 25 ಮಿ.ಮೀ. ಹಿಂದೆ ಎಳೆದರೆ ಎರಡು ಪಟ್ಟು ಎರಡೂಕಾಲಾಗುತ್ತದೆ. ಕೆಲವು ಬಾರ್ಲೋಗಳ ಮಸೂರದ ಭಾಗವನ್ನು ಬಿಚ್ಚಿ ನೇರವಾಗಿ ಐಪೀಸಿನ ತುದಿಗೆ ತಿರುಗಿಸಿ ಕೂರಿಸಬಹುದು. ಆಗ ದೂರ ಕಡಿಮೆಯಾಗಿ ಸುಮಾರು ಒಂದೂವರೆ ಪಟ್ಟು ಸಿಗುತ್ತದೆ. ಎರಡು ಪಟ್ಟನ್ನು ತಡೆಯದ ರಾತ್ರಿಗಳಲ್ಲಿ ಈ ಒಂದೂವರೆ ನನ್ನ ಕೈ ಹಿಡಿದದ್ದು ಬಹಳ ಸಲ.

ಪೀಟರ್ ಬಾರ್ಲೋ ಕೂಡ ಗಣಿತದ ಮೇಷ್ಟರಾಗಿದ್ದವರು. ಇದು ನನಗೆ ಖುಷಿ ಕೊಡುವ ಸಂಗತಿ. 1776ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಹುಟ್ಟಿ, ಬಹುಮಟ್ಟಿಗೆ ತಾವೇ ಓದಿಕೊಂಡು, 1801ರಿಂದ ವುಲಿಚ್‌ನ ರಾಯಲ್ ಮಿಲಿಟರಿ ಅಕಾಡೆಮಿಯಲ್ಲಿ ಕಲಿಸಿದರು. ಸಂಖ್ಯೆಗಳ ವರ್ಗ, ಘನ, ವರ್ಗಮೂಲಗಳನ್ನು ಸಾಲುಸಾಲಾಗಿ ಜೋಡಿಸಿ 1814ರಲ್ಲಿ ಅವರು ತಂದ ಕೋಷ್ಟಕಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಜನರ ಮೇಜಿನ ಮೇಲಿದ್ದವು. ಕಬ್ಬಿಣ ಹೊತ್ತ ಹಡಗುಗಳಲ್ಲಿ ದಿಕ್ಸೂಚಿ ದಾರಿ ತಪ್ಪುವುದನ್ನು ಸರಿಪಡಿಸಲು ಶ್ರಮಿಸಿದ್ದಕ್ಕೆ 1825ರಲ್ಲಿ ಬ್ರಿಟನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಬಂತು. ಅದರ ಹಿಂದೆಯೇ ದೂರದರ್ಶಕಗಳತ್ತ ತಿರುಗಿದರು.

ಬಾರ್ಲೋ ಲೆನ್ಸ್ ಹುಟ್ಟಿದ್ದು ಗ್ರಹಗಳನ್ನು ದೊಡ್ಡದಾಗಿ ನೋಡುವ ಆಸೆಯಿಂದ ಎಂದು ನಾನು ಬಹಳ ದಿನ ನಂಬಿದ್ದೆ. ಹಾಗಲ್ಲ. ಅಂದಿನ ಖಗೋಳಜ್ಞರು ಜೋಡಿ ನಕ್ಷತ್ರಗಳ ನಡುವಿನ ಅಂತರವನ್ನು ದೂರದರ್ಶಕಕ್ಕೆ ಜೋಡಿಸಿದ ಮೈಕ್ರೋಮೀಟರ್ ಎಂಬ ಅಳತೆ ಸಾಧನದ ತೆಳುವಾದ ತಂತಿಗಳ ನಡುವೆ ಹಿಡಿದು ಅಳೆಯುತ್ತಿದ್ದರು. ನಕ್ಷತ್ರಗಳನ್ನು ಬೇರೆಬೇರೆಯಾಗಿ ಕಾಣಲು ಹೆಚ್ಚು ವರ್ಧನೆಯ ಐಪೀಸ್ ಹಾಕಿದರೆ ತಂತಿಯೂ ದಪ್ಪವಾಗಿ ನಕ್ಷತ್ರವನ್ನೇ ಮುಚ್ಚುತ್ತಿತ್ತು. ನಿಮ್ನ ಮಸೂರವನ್ನು ತಂತಿಗಿಂತ ಮುಂದೆ ಇಟ್ಟರೆ ಆಕಾಶ ಹಿಗ್ಗುತ್ತದೆ, ತಂತಿ ಇದ್ದಷ್ಟೇ ಇರುತ್ತದೆ. ಬಾರ್ಲೋ ಅವರ ಲೆಕ್ಕಾಚಾರದ ಮೇಲೆ ಜಾರ್ಜ್ ಡಾಲಂಡ್ ಎಂಬ ಮಸೂರ ತಯಾರಕರು ಅಂಥ ಲೆನ್ಸನ್ನು ಮಾಡಿ, 1834ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದರ ವಿವರ ಕೊಟ್ಟರು. ಅದು ಬೆಳೆಸಿದ್ದನ್ನು ಮೆಚ್ಚುವವರು ಬಹಳ ಮಂದಿ. ಅದು ಬೆಳೆಸದೆ ಬಿಟ್ಟ ಆ ತಂತಿ ನನಗೆ ಹೆಚ್ಚು ಇಷ್ಟ.

ಇನ್ನೊಂದು ವಿಷಯವನ್ನು ಗಣಿತದ ಮೇಷ್ಟರಾಗಿ ಹೇಳದೆ ಇರಲಾರೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗುವ ಸಂಖ್ಯೆಗಳಿವೆ, 6 ಮತ್ತು 28ರಂತೆ. ಪರಿಪೂರ್ಣ ಸಂಖ್ಯೆಗಳೆನ್ನುತ್ತೇವೆ. 1811ರ ತಮ್ಮ ಗ್ರಂಥದಲ್ಲಿ ಬಾರ್ಲೋ, ಆಗ ಗೊತ್ತಿದ್ದ 19 ಅಂಕಿಗಳ ಪರಿಪೂರ್ಣ ಸಂಖ್ಯೆಯೇ ಕೊನೆಯದು, ಉಪಯೋಗವಿಲ್ಲದ ಕುತೂಹಲಕ್ಕಾಗಿ ಅದರಾಚೆಗೆ ಯಾರೂ ಹುಡುಕಲಾರರು ಎಂದು ಬರೆದರು. ಆದರೆ ಜನ ಹುಡುಕಿದರು. 1876ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞ 39 ಅಂಕಿಗಳ ಅವಿಭಾಜ್ಯವೊಂದನ್ನು ಸಾಧಿಸಿ ತೋರಿಸಿದಾಗ, ಅದರ ಬೆನ್ನಿಗೆ ಇನ್ನೂ ಬಹು ದೊಡ್ಡ ಪರಿಪೂರ್ಣ ಸಂಖ್ಯೆ ಸಿಕ್ಕಿತು. ಉಪಯೋಗವಿಲ್ಲದ ಕುತೂಹಲಕ್ಕಾಗಿ ಚಳಿಯಲ್ಲಿ ಕೂರುವ ನಮ್ಮಂಥವರ ಕೈಯಲ್ಲೇ ಇಂದು ಅವರ ಹೆಸರು ಉಳಿದಿದೆ.

2024ರ ಡಿಸೆಂಬರಿನ ಹುತ್ತರಿಯ ರಾತ್ರಿಗೆ ಬರುತ್ತೇನೆ. ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಅದು ಪುತ್ತರಿ. ಚಂದ್ರ ರೋಹಿಣಿ ನಕ್ಷತ್ರದಲ್ಲಿರುವಾಗ, ಹುಣ್ಣಿಮೆಯ ಸುಮಾರಿಗೆ ಬರುವ ಸುಗ್ಗಿಯ ಹಬ್ಬ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತುಮಾಡುತ್ತಾರೆ. ನೆರೆ ಎಂಬ ಎಲೆಗಳ ಕಟ್ಟನ್ನು ಕಟ್ಟಲು ಒಂದು ಗಳಿಗೆ, ಕದಿರು, ಅಂದರೆ ಭತ್ತದ ತೆನೆ, ತೆಗೆಯಲು ಒಂದು ಗಳಿಗೆ. ಆಕಾಶ ನೋಡಿ ಗದ್ದೆಗಿಳಿಯುವ ಹಬ್ಬ ಇದು ಎಂಬ ಕಾರಣಕ್ಕೆ ನನಗೆ ಮೊದಲಿನಿಂದಲೂ ಇದರ ಮೇಲೆ ಪ್ರೀತಿ. ಆ ವರ್ಷ ಇನ್ನೊಂದು ಸೊಗಸಿತ್ತು. ಡಿಸೆಂಬರ್ 7ರಂದು ಗುರು ಆಕಾಶದಲ್ಲಿ ಸೂರ್ಯನ ಎದುರು ದಿಕ್ಕಿಗೆ ಬಂದಿತ್ತು. ನಿಂತದ್ದು ವೃಷಭದಲ್ಲಿ, ರೋಹಿಣಿಯ ನೆರೆಯಲ್ಲಿ. ಹಬ್ಬದ ರಾತ್ರಿ ಪೂರ್ವದಲ್ಲಿ ಚಂದ್ರ, ಕೆಂಪು ರೋಹಿಣಿ, ಉರಿಯುವ ಗುರು ಒಂದೇ ಗುಂಪಾಗಿ ಮೇಲೇರಿದವು.

ನಾನು ಬಾಡಿಗೆಗಿರುವ ಮನೆಯ ಯಜಮಾನರ ತೋಟದಲ್ಲೇ ಹಬ್ಬ. ಗದ್ದೆಯಲ್ಲಿ ಕದಿರು ಕೊಯ್ದು, ಕೋವಿಯ ಗುಂಡು ಹಾರಿ, ಪೊಲಿ ಪೊಲಿ ದೇವಾ ಎಂಬ ಕೂಗು ಕಣಿವೆಯ ಒಂದೊಂದು ಗದ್ದೆಯಿಂದಲೂ ಎದ್ದು, ತಂಬುಟ್ಟು ಮತ್ತು ಊಟ ಮುಗಿದ ಮೇಲೆ ದೂರದರ್ಶಕ ತರಲು ನನ್ನನ್ನು ಕೇಳಿದರು. ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಎಂದುಕೊಂಡೆ. ಮರಗಳ ಅಡ್ಡಿಯಿಲ್ಲದ ಬಯಲು, ಸಮತಟ್ಟಾದ ಸಿಮೆಂಟಿನ ನೆಲ. ಅರ್ಧ ಕಣದಲ್ಲಿ ಕೊಯ್ದ ಅರೇಬಿಕಾ ಹರಡಿ, ಇಬ್ಬನಿಗೆಂದು ಟಾರ್ಪಾಲಿನ್ ಹೊದಿಸಿದ್ದರು. ಇನ್ನರ್ಧದಲ್ಲಿ ನನ್ನ ಡಾಬ್ಸೋನಿಯನ್ ಇಟ್ಟೆ.

48 ಪಟ್ಟಿನಲ್ಲಿ ಗುರು ಚೆನ್ನಾಗಿ ಕಂಡಿತು. ಹಾಲುಬಣ್ಣದ ಪುಟ್ಟ ಬಿಲ್ಲೆ, ಒಂದೇ ನೇರದಲ್ಲಿ ಚಂದ್ರಗಳು. ಬರಿಗಣ್ಣಿಗೆ ಚಂದ್ರ ಕಾಣುವಷ್ಟೇ ದೊಡ್ಡದಾಗಿ ಗುರು ಕಾಣಲು 40 ಪಟ್ಟು ಸಾಕು. ಇದನ್ನು ಹೇಳಿದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ, ಏಕೆಂದರೆ ಕಪ್ಪು ಬಯಲಿನ ನಡುವೆ ಅದು ಸಣ್ಣದೆನಿಸುತ್ತದೆ. ಹಾಗಾಗಿ ಎಲ್ಲರೂ ಕೇಳಿದ್ದು ಒಂದೇ: ಇನ್ನೂ ದೊಡ್ಡದಾಗಿ ತೋರಿಸಬಹುದೇ? 10 ಮಿ.ಮೀ. ಐಪೀಸಿಗೆ ಬಾರ್ಲೋ ಕೂರಿಸಿ 240ಕ್ಕೆ ಏರಿಸಿದೆ. ಕಣ್ಣಿಟ್ಟು ನೋಡಿದರೆ ಗುರು ಕುದಿಯುತ್ತಿತ್ತು. ಎಸರಿನ ತಳಕ್ಕೆ ಬಿದ್ದ ನಾಣ್ಯದ ಹಾಗೆ ಅಂಚು ಹಿಗ್ಗುತ್ತ ಕುಗ್ಗುತ್ತ, ಪಟ್ಟೆಗಳು ಕರಗಿ ಕಲಸಿ.

ಕಾರಣ ಕಾಲಡಿಯಲ್ಲೇ ಇತ್ತು. ಕಾಫಿ ಒಣಗಲೆಂದು ಹಗಲಿಡೀ ಬಿಸಿಲು ಕುಡಿದ ಸಿಮೆಂಟು ರಾತ್ರಿ ಅದನ್ನು ಮೆಲ್ಲಗೆ ಬಿಡುತ್ತದೆ. ಬಿಸಿ ಗಾಳಿ ಎದ್ದು ತಂಪು ಗಾಳಿಯೊಂದಿಗೆ ಕಲೆತಾಗ, ಬೆಳಕು ಅದರ ಮೂಲಕ ಹಾದು ಬಾಗುತ್ತದೆ, ಕ್ಷಣಕ್ಷಣಕ್ಕೂ ಬೇರೆಬೇರೆಯಾಗಿ. 48 ಪಟ್ಟಿನಲ್ಲಿ ಆ ಬಾಗು ಗಮನಕ್ಕೆ ಬರುವುದಿಲ್ಲ. ಬಾರ್ಲೋ ಗುರುವನ್ನು ಹಿಗ್ಗಿಸುವಾಗ ನಡುವಿನ ಗಾಳಿಯ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ. ಮನೆಯೊಳಗಿನಿಂದ ಆಗ ತಾನೇ ತಂದ ಕನ್ನಡಿಯೂ ಬೆಚ್ಚಗಿತ್ತು. ಅದರ ಮೇಲೂ ಗಾಳಿ ಸುಳಿಯುತ್ತಿತ್ತು.

ದೂರದರ್ಶಕವನ್ನು ಇಬ್ಬರು ಎತ್ತಿ ಕೊಟ್ಟಿಗೆಯ ಆಚೆಗಿನ ಹುಲ್ಲಿನ ಮೇಲೆ ಇಟ್ಟೆವು. ತೋಟದೊಳಕ್ಕೆ ಇನ್ನೂ ದೂರ ಹೋಗುವಂತಿರಲಿಲ್ಲ. ಆ ವಾರ ಪಕ್ಕದ ತೋಟಕ್ಕೆ ಆನೆ ಬಂದಿತ್ತು. ಬಾರ್ಲೋ ತೆಗೆದಿಟ್ಟು ಕಾದೆ. ಮಕ್ಕಳು ಮಲಗಿದರು, ನೆಂಟರು ಕೆಲವರು ಹೊರಟರು. ಹನ್ನೊಂದೂವರೆ ದಾಟಿತು. ಗುರು ನೆತ್ತಿಗೆ ಬಂದಿತ್ತು. ಕೊಡಗಿನಲ್ಲಿರುವ ನಮ್ಮ ಭಾಗ್ಯ ಇದು: ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿ ಗ್ರಹಗಳು ತಲೆಯ ಮೇಲೇ ಹಾದುಹೋಗುತ್ತವೆ, ಅವುಗಳ ಬೆಳಕು ದಾಟಬೇಕಾದ ಗಾಳಿ ಅತ್ಯಂತ ಕಡಿಮೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಬಹು ಎತ್ತರದಲ್ಲಿ ರಭಸದಿಂದ ಬೀಸುವ ಗಾಳಿ, ಜೆಟ್ ಪ್ರವಾಹವೂ ನಮ್ಮಿಂದ ದೂರ. ಹುಲ್ಲು ಇಬ್ಬನಿಯಿಂದ ಒದ್ದೆಯಾಗಿತ್ತು. ಎಲೆ ಅಲುಗುತ್ತಿರಲಿಲ್ಲ. ಬಾರ್ಲೋವನ್ನು ಮತ್ತೆ ಕೂರಿಸಿದೆ.

ಗುರು ನಿಂತಿತ್ತು. ಬರಿಗಣ್ಣಿನ ಚಂದ್ರನ ಆರರಷ್ಟು ಅಗಲದ, ಎರಡೂ ಧ್ರುವಗಳಲ್ಲಿ ತುಸು ಒತ್ತಿದ ಗೋಳ. ಎರಡು ಕಂದು ಪಟ್ಟೆಗಳು. ನಾಲ್ಕೈದು ಸೆಕೆಂಡಿಗೊಮ್ಮೆ ಗಾಳಿ ಪೂರ್ತಿ ತಿಳಿಯಾದಾಗ ಪಟ್ಟೆಯ ಅಂಚು ನುಣುಪಲ್ಲ, ಹರಿದ ಬಟ್ಟೆಯ ಅಂಚಿನಂತೆ ಎಳೆಎಳೆಯಾಗಿದೆ ಎಂಬುದು ಕಾಣುತ್ತಿತ್ತು. ಯಜಮಾನರ ತಾಯಿ ಅಷ್ಟು ಹೊತ್ತಾದರೂ ಒಳಗೆ ಹೋಗಿರಲಿಲ್ಲ. ಕುರ್ಚಿ ತಂದು ಕೂರಿಸಿದೆ. 240 ಪಟ್ಟಿನಲ್ಲಿ ಗ್ರಹ ಐಪೀಸಿನ ಒಂದು ಅಂಚಿನಿಂದ ಇನ್ನೊಂದಕ್ಕೆ 50 ಸೆಕೆಂಡಿನಲ್ಲಿ ಜಾರಿಹೋಗುತ್ತದೆ. ಅದು ಭೂಮಿ ತಿರುಗುವ ವೇಗ. ಪ್ರತಿ ಸಲ ನಾನು ಕೊಳವೆಯನ್ನು ಮೆಲ್ಲಗೆ ತಳ್ಳಿ ಗುರುವನ್ನು ಅಂಚಿಗೆ ತಂದಿಡುವುದು, ಅವರು ಅದು ದಾಟುವವರೆಗೆ ನೋಡುವುದು. ಹೀಗೆ ಹತ್ತು ಸಲವಾದರೂ ಆಗಿರಬೇಕು. ಕೊನೆಗೆ ತಲೆಯೆತ್ತಿ, ರೋಹಿಣಿ ಯಾವುದು ಎಂದು ಕೊಡವ ತಕ್ಕ್‌ನಲ್ಲಿ ಕೇಳಿದರು. ತೋರಿಸಿದೆ. ಎಪ್ಪತ್ತು ವರ್ಷ ಈ ನಕ್ಷತ್ರದ ಹೆಸರಿನಲ್ಲಿ ಕದಿರು ತೆಗೆದಿದ್ದೇವೆ, ಮುಖ ನೋಡಿದ್ದು ಇವತ್ತು ಎಂದರು.

ಆ ರಾತ್ರಿಯ ನಂತರ ನಾನು ಬಾರ್ಲೋ ಬಳಸುವ ಕ್ರಮವೇ ಬದಲಾಯಿತು. ನನ್ನ ದೂರದರ್ಶಕ ಲೆಕ್ಕದಲ್ಲಿ 300 ಪಟ್ಟಿನವರೆಗೆ ಹೋಗಬಲ್ಲದು. ಆದರೆ ಒಂದೊಂದು ರಾತ್ರಿಗೂ ಅದರದೇ ಸಂಖ್ಯೆಯಿದೆ, ಅದು ಪೆಟ್ಟಿಗೆಯ ಮೇಲೆ ಅಚ್ಚಾಗುವಂಥದ್ದಲ್ಲ. ಅದನ್ನು ರಾತ್ರಿಯನ್ನೇ ಕೇಳಿ ತಿಳಿಯಬೇಕು, ಹಾಗೆ ಕೇಳುವ ಸಾಧನ ಬಾರ್ಲೋ. ಕನ್ನಡಿಯನ್ನು ಒಂದು ಗಂಟೆ ಮೊದಲೇ ಹೊರಗಿಡುತ್ತೇನೆ. ಕಡಿಮೆ ವರ್ಧನೆಯಿಂದ ಆರಂಭಿಸಿ, 96ರಲ್ಲಿ ನಕ್ಷತ್ರವೊಂದು ಚುಕ್ಕಿಯಾಗಿ ನಿಲ್ಲುತ್ತದೆಯೇ, ಚದುರುತ್ತದೆಯೇ ನೋಡುತ್ತೇನೆ. ಚದುರಿದರೆ ಆ ರಾತ್ರಿ ಬಾರ್ಲೋಗೆ ರಜೆ. ನಕ್ಷತ್ರಗುಚ್ಛಗಳನ್ನೂ ನೀಹಾರಿಕೆಗಳನ್ನೂ ನೋಡಬಹುದು. ನಮ್ಮಲ್ಲಿ ಒಂದು ಗುರುತೂ ಉಂಟು. ಗದ್ದೆಯ ತಗ್ಗಿನಿಂದ ಮಂಜು ಏಳುವ ಮುಂಚಿನ ಅರ್ಧ ಗಂಟೆ ಗಾಳಿ ಅಲುಗದೆ ನಿಲ್ಲುತ್ತದೆ. ವರ್ಷದ ನನ್ನ ಅತ್ಯುತ್ತಮ ನೋಟಗಳೆಲ್ಲ ಆ ಅರ್ಧ ಗಂಟೆಯವು. ಮಂಜು ಬಂದ ಮೇಲೆ ಏನೂ ಇಲ್ಲ.

ಹೆಚ್ಚಿನ ವರ್ಧನೆಯಲ್ಲಿ ಇನ್ನೊಂದು ವಸ್ತುವೂ ಕಾಣುತ್ತದೆ: ನಮ್ಮ ಕಣ್ಣು. 240 ಪಟ್ಟಿನಲ್ಲಿ ಐಪೀಸಿನಿಂದ ಬರುವ ಬೆಳಕಿನ ಕೋಲು 0.6 ಮಿ.ಮೀ.ನಷ್ಟು ಸಣ್ಣದು. ಅಷ್ಟು ಕಿರಿದಾದ ಬೆಳಕಿನಲ್ಲಿ ಕಣ್ಣೊಳಗಿನ ದ್ರವದಲ್ಲಿ ತೇಲುವ ಎಳೆಗಳ ನೆರಳು ಅಕ್ಷಿಪಟಲದ ಮೇಲೆ ಬಿದ್ದು, ಚಂದ್ರನ ಮೇಲ್ಮೈಯಲ್ಲಿ ಹುಳು ಹರಿದಂತೆ ತೋರುತ್ತದೆ. ಮೊದಲು ಲೆನ್ಸಿಗೆ ಮತ್ತೆ ಬೂಷ್ಟು ಹಿಡಿಯಿತೇ ಎಂದು ಗಾಬರಿಯಾಗಿತ್ತು. ಕಣ್ಣು ಹೊರಳಿಸಿದರೆ ಎಳೆಗಳೂ ಹೊರಳಿದವು. ಆಗ ತಿಳಿಯಿತು.

ಜನವರಿಯಲ್ಲಿ ಪುನರ್ವಸುವಿನ ಎರಡು ನಕ್ಷತ್ರಗಳು ಸಂಜೆಯೇ ಮೂಡುತ್ತವೆ. ಅವುಗಳಲ್ಲಿ ಕ್ಯಾಸ್ಟರ್ ಎಂಬುದು ನಿಜಕ್ಕೂ ಜೋಡಿ. ನಡುವಿನ ಅಂತರ ಸುಮಾರು ಐದೂವರೆ ಸೆಕೆಂಡ್ ಕೋನ (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಸೆಕೆಂಡ್). 48 ಪಟ್ಟಿನಲ್ಲಿ ತುಸು ಉದ್ದಗಾದ ಚುಕ್ಕಿಯೇನೋ ಎಂಬ ಅನುಮಾನ. ಐಪೀಸ್ ತೆಗೆದು, ಬಾರ್ಲೋ ಇಟ್ಟು, ಅದೇ ಐಪೀಸನ್ನು ಅದರ ಮೇಲೆ ಕೂರಿಸಿ 96ರಲ್ಲಿ ನೋಡಿದರೆ ಎರಡು ಬಿಳಿ ಕಿಡಿಗಳು, ನಡುವೆ ಕೂದಲೆಳೆಯಷ್ಟು ಶುದ್ಧ ಕತ್ತಲೆ. ಈ ಎರಡೂ ಒಂದನ್ನೊಂದು ಸುತ್ತುತ್ತಿವೆ ಎಂದು ವಿಲಿಯಂ ಹರ್ಷೆಲ್ ತೋರಿಸಿದ್ದು 1803ರಲ್ಲಿ. ಒಂದು ಸುತ್ತಿಗೆ ಸುಮಾರು ನಾಲ್ಕೂವರೆ ಶತಮಾನ. ಬಾರ್ಲೋ ಹುಟ್ಟಿದ್ದು ಇಂಥ ಜೋಡಿಗಳಿಗಾಗಿ ಎಂಬುದನ್ನು ಓದಿದ ಮೇಲೆ ನಾನು ಪ್ರತಿ ಜನವರಿಯಲ್ಲೂ ಮೊದಲು ಅದನ್ನು ತಿರುಗಿಸುವುದು ಕ್ಯಾಸ್ಟರ್ ಕಡೆಗೆ.

ಕೊಳ್ಳಬೇಕೆನ್ನುವವರು ನನ್ನನ್ನು ಕೇಳುವುದುಂಟು. ಎರಡು ಗಾಜುಗಳನ್ನು ಸೇರಿಸಿ ಮಾಡಿದ ವರ್ಣದೋಷ ನಿವಾರಕ ಲೆನ್ಸ್ ಇರುವ ಬಾರ್ಲೋವನ್ನೇ ಕೊಳ್ಳಿ. ಒಂಟಿ ಮಸೂರದ್ದಾದರೆ ಚಂದ್ರನ ಅಂಚಿಗೆ ನೀಲಿ, ಹಳದಿ ಬಣ್ಣ ಕಟ್ಟುತ್ತದೆ. 20 ಮತ್ತು 10 ಮಿ.ಮೀ. ಐಪೀಸ್‌ಗಳಿರುವವರಿಗೆ ಎರಡು ಪಟ್ಟಿನ ಬಾರ್ಲೋ ಒಂದೇ ಹೊಸ ವರ್ಧನೆ ಕೊಡುತ್ತದೆ, ಏಕೆಂದರೆ 20ರ ಅರ್ಧ 10. ಕನ್ನಡಕ ಹಾಕುವ ನನ್ನಂಥವರಿಗೆ ದೊಡ್ಡ ಲಾಭವೊಂದಿದೆ. 5 ಮಿ.ಮೀ.ನ ಸಾದಾ ಐಪೀಸಿಗೆ ಕಣ್ಣು ರೆಪ್ಪೆ ತಾಗುವಷ್ಟು ಹತ್ತಿರ ಬರಬೇಕು. 10 ಮಿ.ಮೀ. ಐಪೀಸಿಗೆ ಬಾರ್ಲೋ ಹಾಕಿದರೆ ಅದೇ ವರ್ಧನೆ ಸಿಗುತ್ತದೆ, ಕಣ್ಣನ್ನು ಆರಾಮವಾಗಿ ದೂರದಲ್ಲಿ ಇಡಬಹುದು.

2025ರ ನವೆಂಬರ್ ಕೊನೆಯ ವಾರದಲ್ಲಿ ಶನಿಯನ್ನು ನೋಡಲು ಕಾದಿದ್ದೆ. ಆ ವರ್ಷ ಮಾರ್ಚಿನಲ್ಲಿ ಭೂಮಿ ಶನಿಯ ಉಂಗುರಗಳ ಸಮತಲವನ್ನು ದಾಟಿತ್ತು, ಅಂದರೆ ನಮಗೆ ಉಂಗುರದ ತೆಳು ಅಂಚು ಮಾತ್ರ ಎದುರಾಗಿತ್ತು. 2009ರ ನಂತರ ಅದೇ ಮೊದಲು. ಆಗ ಶನಿ ಸೂರ್ಯನ ಬಳಿಯಿದ್ದುದರಿಂದ ಕಾಣಲಿಲ್ಲ. ನವೆಂಬರಿನಲ್ಲಿ ಉಂಗುರದ ಓರೆ ಮತ್ತೆ ಅರ್ಧ ಡಿಗ್ರಿಗೂ ಕಡಿಮೆಯಾಯಿತು. ಶನಿ ಸಂಜೆಯೇ ಎತ್ತರದಲ್ಲಿತ್ತು, ಮಳೆಯೂ ಬಿಡುವು ಕೊಟ್ಟಿತ್ತು. ಚಿತ್ರ ಮಂಕಾಯಿತು ಎಂದಿದ್ದ ಹುಡುಗಿ ಈಗ ಪಿಯುಸಿಯಲ್ಲಿ ಓದುತ್ತಾಳೆ. ತಂದೆಯೊಂದಿಗೆ ಬಂದಿದ್ದಳು.

48 ಪಟ್ಟಿನಲ್ಲಿ ಶನಿಗೆ ಉಂಗುರವೇ ಇಲ್ಲ ಎನಿಸಿತು. 120ರಲ್ಲಿ ಎರಡೂ ಬದಿಗೆ ಏನೋ ಚಾಚಿದ ಸುಳಿವು. ಎಂಟೂಮುಕ್ಕಾಲಿಗೆ ಬಾರ್ಲೋ ಹಾಕಿದೆ. ಕೆನೆಬಣ್ಣದ ಗೋಳ, ಅದರ ನಡುವೆ ಚೂಪಾದ ಪೆನ್ಸಿಲಿನಿಂದ ಗೀಚಿದಂಥ ಕಪ್ಪು ಗೆರೆ. ಅದು ಉಂಗುರದ ನೆರಳು. ಗೋಳದ ಎರಡೂ ಕಡೆ ಬೆಳಕಿನ ಒಂದು ದಾರ, ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ನೋಡಿ ಅವಳಿಗೆ ಜಾಗ ಬಿಟ್ಟೆ. ಬಹಳ ಹೊತ್ತು ಮಾತಿಲ್ಲ. ಗೋಳ ಕಾಣುತ್ತಿದೆ, ದಾರ ಕಾಣುತ್ತಿಲ್ಲ ಎಂದಳು. ಗೋಳದ ಮೇಲಿನ ಕಪ್ಪು ಗೆರೆಯನ್ನು ಹಿಡಿದು ಕಣ್ಣನ್ನು ಪಕ್ಕಕ್ಕೆ ಒಯ್ಯಲು ಹೇಳಿದೆ.

ಕಂಡಿತು, ಎಂದಳು. ಹೋಯಿತು. ಮತ್ತೆ ಕಂಡಿತು.

ಗದ್ದೆಯ ಕಡೆಯಿಂದ ಮಂಜು ಏಳತೊಡಗಿತ್ತು. ಕೊಟ್ಟಿಗೆಯ ದೀಪದ ಸುತ್ತ ಬಳೆ ಕಟ್ಟಿತು. ಅವಳ ತಂದೆ ಬೈಕಿನ ಸೀಟಿನ ಮೇಲಿನ ಇಬ್ಬನಿ ಒರೆಸಿದರು. ಮಂಕಾಯಿತೇ, ಬಾರ್ಲೋ ತೆಗೆಯಲೇ ಎಂದು ಕೇಳಿದೆ. ಅವಳು ಐಪೀಸಿನಿಂದ ಕಣ್ಣು ತೆಗೆಯದೆ, ಬೇಡ ಸಾರ್, ಇನ್ನೊಂದು ಸಲ ಬರುತ್ತದೆ, ಎಂದಳು.